ಒಂಬತ್ತು ಗಂಟಿನ ಮೋಟಾರ್ ಸೈಕಲ್

ಕಳೆದ ಭಾನುವಾರ ನಮ್ಮ ಸೊಳ್ಳೆ ಪರದೆಯ ಒಂದು ಮೂಲೆಯ ದಾರ ಕಡಿದುಹೋಯಿತು. ಮೂರೇ ಮೂಲೆಯ ಮೇಲೆ ನಿಂತ ಪರದೆಯೊಳಗೆ ಮಲಗಿದರೆ, ನಾಲ್ಕನೆಯ ಮೂಲೆಯಿಂದ ಊರಿನ ಸೊಳ್ಳೆಗಳೆಲ್ಲ ಬಂದು ಆನೆಕಾಲು ರೋಗ ಅಂಟಿಸಿಬಿಟ್ಟರೆ ಎಂದು ನಾನು ಬೆಳಿಗ್ಗೆಯಿಂದಲೇ ಚಿಂತೆಯಲ್ಲಿದ್ದೆ. ನನ್ನ ಹೆಂಡತಿ ಚಿಂತೆ ಮಾಡುವ ಪೈಕಿಯಲ್ಲ. ಸೀದಾ ನನ್ನ ಮೇಜಿನ ಕೆಳಖಾನೆ ಎಳೆದು, ಬರೆಯದ ಪೆನ್ನು, ಕನ್ನಡಕದ ಮುರಿದ ಕಡ್ಡಿಗಳ ಅಡಿಯಿಂದ ಒಂದು ಹಸಿರು ಬಲೆದಾರದ ಸುರುಳಿ ಹೊರತೆಗೆದಳು.

"ಇದ್ರ ತುಂಬಾ ಗಂಟೇ ಅದೆ. ಅಡ್ಡಿಲ್ಲ, ಒಂದು ತುಂಡು ಸಾಕು," ಎಂದು ಕತ್ತರಿ ಹಿಡಿದಳು.

"ಏ, ಕತ್ತರಿಸಬೇಡ! ಅದು ಮೋಟಾರ್ ಸೈಕಲ್ಲು!" ಎಂದು ಕೂಗಿದೆ.

ಅವಳು ಕತ್ತರಿ ಕೆಳಗಿಟ್ಟು, ಹತ್ತಿರ ಬಂದು, ನನ್ನ ಹಣೆ ಮುಟ್ಟಿ ನೋಡಿದಳು.

ಜ್ವರ ಇರಲಿಲ್ಲ. ಆ ದಾರಕ್ಕೆ ಒಂಬತ್ತು ಗಂಟುಗಳಿವೆ. ಎಂಟು ಗಂಟುಗಳು ಸಣ್ಣಗೆ, ಬಿಗಿಯಾಗಿ, ಒಂದರಂತೆ ಒಂದಿವೆ. ಒಂಬತ್ತನೆಯದು ಮಾತ್ರ ದಪ್ಪಗೆ, ಹಳೆಯ ಪುಸ್ತಕದ ಕಟ್ಟಿಗೆ ಹಾಕಿದ ಗಂಟಿನಂತೆ ಅಡ್ಡಾದಿಡ್ಡಿ. ಗಂಟು ಓದಲು ಬಲ್ಲವರು ಆ ದಾರವನ್ನು ನೋಡಿಯೇ ಬ್ಯಾಟರಿಯಿಂದ ಓಡುವ ಒಂದು ಮೋಟಾರ್ ಸೈಕಲ್ ಕಟ್ಟಬಹುದು. ನಾವು ಕಟ್ಟಿದ್ದೆವು. ಹೀಗೆಂದ ತಕ್ಷಣ ನೀವು ನನ್ನನ್ನು ಭಾರೀ ತಲೆಯವನೆಂದು ತಿಳಿದುಬಿಡುತ್ತೀರಿ ಎಂಬ ಹೆದರಿಕೆಯಿಂದ ಮೊದಲೇ ಹೇಳಿಬಿಡುತ್ತೇನೆ: ಆ ಕೆಲಸದಲ್ಲಿ ನನ್ನ ಪಾಲು ಚಿಂತೆ ಮಾತ್ರ.

ನಾನು ಹೊನ್ನಾವರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ಹತ್ತನೆಯ ಇಯತ್ತೆಗೆ ವಿದ್ಯುತ್ತಿನ ಪಾಠ ಹೇಳುವಾಗ ವೋಲ್ಟು, ಆಂಪಿಯರುಗಳನ್ನು ಹಲಗೆಯ ಮೇಲೆ ಧೈರ್ಯವಾಗಿ ಕುಣಿಸುತ್ತೇನೆ. ಮನೆಗೆ ಬಂದ ಮೇಲೆ ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಹಾಕಲು ಊಟದ ಮಣೆಯ ಮೇಲೆ ಹತ್ತಿ ನಿಲ್ಲುತ್ತೇನೆ. ಎಡಗೈ ಬೆನ್ನ ಹಿಂದೆ ಇರುತ್ತದೆ. ಹಳದೀಪುರದ ನಮ್ಮ ಮನೆಗೆ ಮೊದಲ ಸಲ ಕರೆಂಟು ಬಂದ ಸಂಜೆ ಆಯಿ, ಅಂದರೆ ನಮ್ಮ ಅಮ್ಮ, ಬಲ್ಬಿಗೆ ಕೈ ಮುಗಿದಳು. ಅಕ್ಕ ಸ್ವಿಚ್ಚನ್ನು ಹತ್ತು ಸಲ ಹಾಕಿ, ತೆಗೆದು ನಕ್ಕಳು. ನಾನು ಅಂಗಳಕ್ಕಿಳಿದು, ಕಂಬದ ತಂತಿ ಕಡಿದು ಬಿದ್ದರೆ ಯಾವ ಕಡೆ ಓಡಬೇಕೆಂದು ನೋಡಿಟ್ಟುಕೊಂಡೆ.

ಅಕ್ಕ ಎಂದರೆ ಸುಮಿತ್ರಕ್ಕ, ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ನಾನು ನಾಲ್ಕು ವರ್ಷದವನಿದ್ದಾಗ ಇಬ್ಬರಿಗೂ ಒಂದೇ ವಾರ ಜ್ವರ ಬಂತು. ಒಂದೇ ಚಾಪೆ, ಒಂದೇ ಕಂಬಳಿ, ಒಂದೇ ಕಷಾಯ. ಎಂಟನೆಯ ದಿನ ನಾನು ಎದ್ದು, ಗಂಜಿಗೆ ಸುಟ್ಟ ಬಂಗಡೆ ಬೇಕೆಂದು ಹಠ ಮಾಡಿದೆನಂತೆ. ಅಕ್ಕನೂ ಎದ್ದಳು. ಅವಳ ಬಲಗಾಲು ಏಳಲಿಲ್ಲ. ಚಾಪೆಯ ಗೋಡೆ ಬದಿಗೆ ಮಲಗಿದ್ದವರು ಯಾರು, ಕಷಾಯ ಮೊದಲು ಕುಡಿಸಿದ್ದು ಯಾರಿಗೆ ಎಂದೆಲ್ಲ ದೊಡ್ಡವನಾದ ಮೇಲೆ ಆಯಿಯನ್ನು ಎಷ್ಟು ಸಲ ಕೇಳಿದ್ದೇನೋ. ಪ್ರತಿ ಸಲವೂ ಆಯಿ, "ನಂಗೆ ನೆನಪಿಲ್ಲ, ನೀ ಉಣ್ಣು," ಎನ್ನುತ್ತಿದ್ದಳು. ನನ್ನ ಚಿಂತೆಯ ಕಸುಬು ಆ ಚಾಪೆಯ ಮೇಲೆಯೇ ಶುರುವಾದದ್ದೆಂದು ಕಾಣುತ್ತದೆ.

ಅಕ್ಕ ಕನ್ನಡ ಶಾಲೆಯ ಅಕ್ಕೋರು. ನಮ್ಮ ಕಡೆ ಕಲಿಸುವ ಹೆಂಗಸರನ್ನು ಕರೆಯುವುದೇ ಹಾಗೆ. ಅವಳ ಶಾಲೆ ಮನೆಯಿಂದ ಮೂರು ಮೈಲಿ ದೂರ, ಸಮುದ್ರದ ಅಂಚಿನ ಕೇರಿಯಲ್ಲಿ. ಬಲಗೈಯಿಂದ ಬಲ ಮೊಣಕಾಲನ್ನು ಒತ್ತಿ ಹಿಡಿದು, ಪ್ರತಿ ಹೆಜ್ಜೆಗೂ ಒಮ್ಮೆ ಬಾಗಿ ಏಳುತ್ತ, ಹೋಗುತ್ತ ಮೂರು ಬರುತ್ತ ಮೂರು ಮೈಲಿ ನಡೆಯುತ್ತಿದ್ದಳು. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ, ಇಬ್ಬರ ಕೆಲಸವನ್ನು ಒಂದೇ ಮಾಡುತ್ತಿದ್ದ ಅವಳ ಎಡಗಾಲು ಮುಷ್ಕರ ಹೂಡಿತು. ಮಂಡಿ ಊದಿ ತೆಂಗಿನಕಾಯಿಯಷ್ಟಾಯಿತು. ಕುಮಟೆಯ ಡಾಕ್ಟರು, ಇನ್ನೊಂದು ವರ್ಷ ಹೀಗೇ ನಡೆದರೆ ಆ ಕಾಲೂ ಕೂತುಬಿಡುತ್ತದೆ ಎಂದರು. ವರ್ಗಾವಣೆಗೆ ಕಳಿಸಿದ ಮೂರು ಅರ್ಜಿಗಳಿಗೆ ಉತ್ತರವಿಲ್ಲ. ಸೈಕಲ್ ತುಳಿಯುವಂತಿಲ್ಲ. ಆಗಿನ ಸ್ಕೂಟರು, ಮೋಟಾರ್ ಸೈಕಲ್ಲುಗಳೋ, ಬಲಗಾಲಿನಿಂದ ಜಾಡಿಸಿ ಒದೆಯದೆ ಜೀವ ಬರದಂಥವು.

ಮಾರ್ಚ್ ತಿಂಗಳ ಒಂದು ದಿನ ಊಟಕ್ಕೆ ಕೂತಾಗ ಅಕ್ಕ ಹೇಳಿದಳು: "ಜೂನಿಗೆ ಶಾಲೆ ತೆರೀತದೆ. ಅಷ್ಟರೊಳಗೆ ಎಂತಾದ್ರೂ ದಾರಿ ಆದ್ರೆ ಆತು. ಇಲ್ದಿದ್ರೆ ರಾಜೀನಾಮೆ. ಬರ್ದು ಟ್ರಂಕಲ್ಲಿ ಇಟ್ಟಿದ್ದೆ. ತಾರೀಖು ಒಂದು ಹಾಕೂದು ಬಾಕಿ."

"ಕೊಟ್ಟು ಮನೇಲಿ ಇರು. ಉಂಬೂಕೆ ಎಂತ ಕಮ್ಮಿ ಅದೆ ನಿಂಗೆ?" ಎಂದಳು ಆಯಿ.

ಅಕ್ಕ ಸಾರಿನಲ್ಲಿದ್ದ ಮೀನಿನ ಮುಳ್ಳುಗಳನ್ನು ಒಂದೊಂದಾಗಿ ತೆಗೆದು, ಬಟ್ಟಲಿನ ಅಂಚಿಗೆ ಸಾಲಾಗಿ ಕೂರಿಸುತ್ತ ಉಳಿದಳು. ಅವಳು ಒಂದನೆಯ ಇಯತ್ತೆಯ ಮಕ್ಕಳನ್ನು ಕೂರಿಸುವುದೂ ಹೀಗೆಯೇ ಎಂದು ನನಗೆ ಗೊತ್ತಿತ್ತು.

ದಾರಿ ಹುಡುಕಿದ್ದು ನಾರಾಯಣ ಮಾವ, ಆಯಿಯ ತಮ್ಮ. ಹೊನ್ನಾವರದ ಬಂದರದಲ್ಲಿ ಮೀನಿನ ಬೋಟುಗಳ ಎಂಜಿನ್ ರಿಪೇರಿ ಅವನ ಕೆಲಸ. ಮುಂದಿನ ಭಾನುವಾರ ಬೋಟಿನಿಂದ ಬಿಚ್ಚಿದ ಒಂದು ಹಳೆಯ ಡೈನಮೋ, ಒಂದು ಬ್ಯಾಟರಿ ತಂದು ಜಗಲಿಯ ಮೇಲೆ ಇಟ್ಟ.

"ಮಾಸ್ತರಾ, ಇದ್ನ ತಿರುಗ್ಸಿದ್ರೆ ಕರೆಂಟು ಬರ್ತದೆ. ಹೌದಾ ಅಲ್ವಾ?"

"ಹೌದು."

"ಕರೆಂಟು ಕೊಟ್ರೆ ಎಂತ ಆಗ್ತದೆ?"

"ತಾತ್ವಿಕವಾಗಿ ಅದೇ ತಿರುಗಬೇಕು," ಎಂದೆ, ಮೂರು ಹೆಜ್ಜೆ ಹಿಂದೆ ಸರಿದು.

"ತಾತ್ವಿಕ ನಿನ್ನ ಶಾಲೇಲಿ ಇಡು. ಈ ತಂತಿ ಹಿಡ್ಕಾ."

ನಾನು ಕೈ ಮುಂದೆ ಮಾಡುವುದರೊಳಗೆ ಅಕ್ಕ ತಂತಿ ಹಿಡಿದುಕೊಂಡಿದ್ದಳು. ಬ್ಯಾಟರಿಗೆ ತಾಗಿಸಿದ್ದೇ ತಡ, ಡೈನಮೋ ಗುಯ್ಯೆಂದು ತಿರುಗಿ, ಕುಪ್ಪಳಿಸಿ, ಜಗಲಿಯಿಂದ ಹಾರಿ, ಆಯಿ ಅಂಗಳದಲ್ಲಿ ಒಣಹಾಕಿದ್ದ ಮೆಣಸಿನ ಮೇಲೆ ಬಿತ್ತು. ಆಯಿ ತಮ್ಮನಿಗೆ ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಅಕ್ಕ ಮಾತ್ರ ತಂತಿಯ ತುದಿಯನ್ನೇ ನೋಡುತ್ತಿದ್ದಳು. "ಮಾವಾ, ಇದು ಒದೀದೇ ತಿರುಗ್ತು," ಎಂದಳು.

ಅಂದಿನಿಂದ ನಮ್ಮ ಮನೆ ಕಾರ್ಖಾನೆಯಾಯಿತು. ನನ್ನ ತಲೆಯೂ. ಎರಡು ಬ್ಯಾಟರಿ ಹೊತ್ತ ಗಾಡಿ ಮೂರು ಮೈಲಿ ಹೋಗಿ ಬರಬಹುದೇ ಎಂಬ ಲೆಕ್ಕವನ್ನು ಹದಿನೇಳು ಸಲ ಮಾಡಿದೆ. ಹದಿನಾರು ಸಲ ಬರಬಹುದೆಂದು ಬಂತು. ಆ ಇನ್ನೊಂದು ಸಲದ ನೆನಪಿನಲ್ಲಿ ಒಂದು ವಾರ ಸರಿಯಾಗಿ ನಿದ್ದೆ ಮಾಡಲಿಲ್ಲ. ಬ್ಯಾಟರಿಗೆ ಚಾರ್ಜ್ ಹಾಕುವ ಬಗ್ಗೆ ಮಾವನದು ಸಲೀಸಾದ ಏರ್ಪಾಟು. ಬೋಟು ಮೀನಿಗೆ ಹೋದಾಗ ಎಂಜಿನ್ನಿನ ಮೇಲೆಯೇ ಚಾರ್ಜ್ ಮಾಡಿಸಿ, ಬೆಳಗಿನ ಬಸ್ಸಿಗೆ ಹಾಕಿ ಕಳಿಸುವುದು.

"ಜೂನಿಗೆ ಮಳೆ ಬಂತು ಅಂದ್ರೆ ಬೋಟುಗಳನ್ನೆಲ್ಲ ಮೇಲೆ ಎಳೆದು ತೆಂಗಿನ ಮಡ್ಲು ಮುಚ್ಚಿಡ್ತೀರಲ್ಲ ಮಾವಾ? ಶಾಲೆ ಶುರು ಆಗೋದೂ ಜೂನಿಗೇ," ಎಂದೆ.

ಮಾವ ಬೀಡಿ ತೆಗೆದು ನನ್ನನ್ನೇ ನೋಡಿದ. "ಹೌದಲ್ಲಾ ಮಾರಾಯಾ! ನಿನ್ನ ಹೆದರಿಕೆಯಿಂದ ಒಂದು ಉಪಕಾರ ಆತು ನೋಡು."

ನನ್ನ ಜೀವನದಲ್ಲಿ ಚಿಂತೆಗೆ ಸಿಕ್ಕ ಮೊದಲ ಬಹುಮಾನ ಅದು. ಹಿಗ್ಗಿ ಹೋದೆ. ಕುಮಟೆಯ ಬ್ಯಾಟರಿ ಅಂಗಡಿಯಿಂದ ಹಳೆಯದೊಂದು ಚಾರ್ಜರ್ ಬಂತು. ನಾನು ನೂರು ಪುಟದ ಹೊಸ ನೋಟ್ ಪುಸ್ತಕ ತಂದು, ಮೊದಲ ಪುಟದಲ್ಲಿ "ಆಗಬಹುದಾದ ಅಪಾಯಗಳು" ಎಂದು ಬರೆದು, ಅಡಿಗೆರೆ ಎಳೆದೆ.

ಗಾಡಿಯ ಅಸ್ಥಿಪಂಜರಕ್ಕೆ ಮಾವನೂ ನಾನೂ ಭಟ್ಕಳಕ್ಕೆ ಹೋದೆವು. ಗುಜರಿ ಅಂಗಡಿಯ ಸಾಹೇಬರು ಪ್ರಾಮಾಣಿಕರು. ಎರಡು ಗಾಲಿ, ಒಂದು ಚೌಕಟ್ಟು ಎಳೆದು ಹೊರಗೆ ಹಾಕಿ, "ನೋಡಿ ಮಾಸ್ಟ್ರೇ, ಈಗ್ಲೇ ಹೇಳ್ತೇನೆ. ಇಂಜಿನ್ ಇಲ್ಲ, ಟಾಂಕಿ ಇಲ್ಲ, ಸೈಲೆನ್ಸರ್ ಇಲ್ಲ, ಬ್ರೇಕ್‌ಗೀಕ್ ಎಂತದೂ ಇಲ್ಲ. ಆಮೇಲೆ ನನ್ನ ಮೇಲೆ ಮಾತು ಬರಬಾರ್ದು," ಎಂದರು.

"ನಮ್ಗೆ ಅಂಥದ್ದೇ ಬೇಕು ಸಾಹೇಬ್ರೇ. ಇದ್ಯಾವುದೂ ಬೇಡದ ಗಾಡಿ ನಮ್ಮದು," ಎಂದ ಮಾವ ಎದೆಯುಬ್ಬಿಸಿ.

ಸಾಹೇಬರು ನನ್ನ ಮುಖ ನೋಡಿದರು. ನಾನು ಚೌಕಟ್ಟಿನ ತುಕ್ಕು ನೋಡುತ್ತಿದ್ದೆ. ಅಲ್ಲೇ ನಿಂತು ಪುಸ್ತಕ ತೆಗೆದು ಬರೆದೆ: ಒಂಬತ್ತು, ಧನುರ್ವಾಯು.

ಇನ್ನು ಗಾಡಿಯ ನಕ್ಷೆ. ಅದು ನನ್ನ ವಿಭಾಗವೆಂದು ನಂಬಿ, ನಾನು ಗ್ರಾಫ್ ಕಾಗದದ ಮೇಲೆ ಮೂರು ಕಡೆಯಿಂದ ಕಾಣುವಂತೆ ಅಳತೆಗೆ ಸರಿಯಾಗಿ ಬರೆದಿದ್ದೆ. ಕಟ್ಟಲು ಬಂದವನು ಮಂಜು ಆಚಾರಿ, ದೋಣಿ ಕಟ್ಟುವ ಬಡಗಿ, ಮಾವನ ದೋಸ್ತ. ಕಾಗದವನ್ನು ತಲೆಕೆಳಗೆ ಹಿಡಿದು ಬಹಳ ಹೊತ್ತು ನೋಡಿ, ಗೌರವದಿಂದ ಮಡಚಿ ವಾಪಸ್ಸು ಕೊಟ್ಟ.

"ಚೆಂದ ಅದೆ ಮಾಸ್ತ್ರೇ. ಆದ್ರೆ ಇದ್ರಲ್ಲಿ ಅಕ್ಕೋರು ಎಲ್ಲಿ ಇದ್ರು?"

ನಕ್ಷೆಯಲ್ಲಿ ಅಕ್ಕ ಇರಲಿಲ್ಲ. ನಾನು ಗಾಡಿಯನ್ನಷ್ಟೇ ಬರೆದಿದ್ದೆ.

ಆಚಾರಿ ಸೊಂಟದ ಮಡಿಕೆಯಿಂದ ಬಲೆದಾರ ತೆಗೆದ. ನಲವತ್ತು ದೋಣಿ ಕಟ್ಟಿದ್ದರೂ ಅವನು ಒಂದಕ್ಕೂ ಕಾಗದ ಮುಟ್ಟಿದವನಲ್ಲ. ಪ್ರತಿ ದೋಣಿಗೂ ಒಂದು ದಾರ, ಅಳತೆಗೊಂದು ಗಂಟು. ಅಕ್ಕನನ್ನು ಬೆಂಚಿನ ಮೇಲೆ ಕೂರಿಸಿ, ದಾರದ ಸುಟ್ಟ ತುದಿಯನ್ನು ಬೆಂಚಿನ ಅಂಚಿಗೆ ಒತ್ತಿ ಹಿಡಿದು ಅಳೆಯತೊಡಗಿದ. ಅಲ್ಲಿಂದ ನೆಲಕ್ಕೆ ಒಂದು ಗಂಟು. ಚಾಚಿದ ಕೈಗೆ ಒಂದು. ಎಡಗಾಲು ಊರುವಲ್ಲಿಗೆ ಒಂದು. ಬಲಗಾಲಿನ ಸರದಿ ಬಂದಾಗ ಅವನ ಕೈ ನಿಂತಿತು.

"ಅಳೀರಿ ಆಚಾರ್ರೇ, ಅದೂ ನಂದೇ ಕಾಲು," ಎಂದಳು ಅಕ್ಕ. ನಾಲ್ಕನೆಯ ಗಂಟು ಮೂರನೆಯದಕ್ಕಿಂತ ನಾಲ್ಕು ಬೆರಳು ಹಿಂದೆ ಬಿತ್ತು. ಈಗಲೂ ದಾರದಲ್ಲಿ ಆ ನಾಲ್ಕು ಬೆರಳಿನ ಜಾಗ ಹಾಗೆಯೇ ಇದೆ.

ಎಂಟನೆಯ ಗಂಟಿಗೆ ಜಗಳವಾಯಿತು. ಅಕ್ಕನಿಗೆ ಬಲಗಾಲು ಊರಲು ಆಗದು. ಗಾಡಿ ಬಲಕ್ಕೆ ವಾಲಿದರೆ ಗತಿಯೇನು? ಆಚಾರಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ. ತೆಂಗಿನಗುಂಡಿ ಬಂದರದ ಕಡೆ ಪಾತಿ ದೋಣಿ ನೋಡಿರುತ್ತೀರಿ. ಸಪೂರ ದೋಣಿ ಮಗುಚದ ಹಾಗೆ ಒಂದು ಬದಿಗೆ ಎರಡು ಬಾಗಿದ ಕೋಲು ಚಾಚಿ, ಅದರ ತುದಿಗೆ ನೀರಿನ ಮೇಲೆ ತೇಲುವ ಮರದ ತುಂಡು ಕಟ್ಟಿರುತ್ತಾರೆ. ಹಾಗೆಯೇ ಗಾಡಿಯ ಬಲಕ್ಕೆ ಎರಡು ಕೋಲು, ತುದಿಗೊಂದು ಪುಟ್ಟ ಗಾಲಿ.

"ಇದು ಮೋಟಾರ್ ಸೈಕಲ್ಲೋ ದೋಣಿಯೋ?" ಎಂದ ಮಾವ.

"ನೀ ಬೋಟಿನ ಡೈನಮೋ ಹಾಕ್ಬಹುದು, ನಾ ದೋಣಿ ಕೋಲು ಹಾಕ್ಬಾರ್ದಾ?"

"ನಂದು ತಿರುಗ್ತದೆ!"

"ನಂದು ಬೀಳ್ದೇ ನಿಲ್ತದೆ!"

"ಇಬ್ರದ್ದೂ ಇರ್ಲಿ," ಎಂದಳು ಅಕ್ಕ. ಎಂಟನೆಯ ಗಂಟು ಬಿತ್ತು.

ಏಪ್ರಿಲ್ ಇಡೀ ನನ್ನ ಪುಸ್ತಕ ತುಂಬುತ್ತ ಹೋಯಿತು. ಬ್ಯಾಟರಿಯ ಆಸಿಡ್ ಹಾರಿ ಅಕ್ಕನ ಸೀರೆ ತೂತಾದರೆ. ಸೆರಗು ಚೈನಿಗೆ ಸಿಕ್ಕಿದರೆ. ಸದ್ದೇ ಇಲ್ಲದ ಗಾಡಿ ಬಂದು ದಾರಿಯಲ್ಲಿ ಮಲಗಿದ ಎಮ್ಮೆಗೆ ಗೊತ್ತೇ ಆಗದಿದ್ದರೆ. ಪೋಲೀಸರು ಹಿಡಿದು "ಇದರ ಸೈಲೆನ್ಸರ್ ಎಲ್ಲಿ?" ಎಂದರೆ, ಇಲ್ಲವೆಂದರೆ ತಪ್ಪು, ಬೇಡವೆಂದರೆ ನಂಬುವುದಿಲ್ಲ. ಮಳೆಗೆ ಡೈನಮೋದಲ್ಲಿ ನೀರು ಹೋದರೆ. ಬಲೆದಾರ ಹಿಗ್ಗಿ ಅಳತೆಗಳೆಲ್ಲ ಅರ್ಧ ಅಂಗುಲ ಹೆಚ್ಚಿದರೆ. ಮೂವತ್ತೆಂಟನೆಯದು ಬರೆಯಲು ಸಂಕೋಚವಾಯಿತು, ಆದರೂ ಬರೆದೆ: ಗಾಡಿ ಚೆನ್ನಾಗಿ ಓಡಿ, ಅಕ್ಕನಿಗೆ ನಾವ್ಯಾರೂ ಬೇಡವಾದರೆ. ಒಟ್ಟು ನಲವತ್ತೊಂದು. ಅಕ್ಕ ದಿನಾ ಸಂಜೆ ಪುಸ್ತಕ ಕೇಳಿ ಓದುತ್ತಿದ್ದಳು, ಕಾಗುಣಿತದ ತಪ್ಪು ತಿದ್ದಿ ವಾಪಸ್ಸು ಕೊಡುತ್ತಿದ್ದಳು.

ಮೇ ತಿಂಗಳ ಮೊದಲ ಭಾನುವಾರ ಅಂಗಳದಲ್ಲಿ ಅಳತೆ ನೋಡುವುದಕ್ಕೆಂದು ಗಾಡಿಯ ಗೊಂಬೆ ನಿಂತಿತು. ಭಟ್ಕಳದ ಚೌಕಟ್ಟು, ಮರದ ಸೀಟು, ಬ್ಯಾಟರಿಯ ಬದಲು ಎರಡು ಜಂಬಿಟ್ಟಿಗೆ ಕಲ್ಲು, ಬಲಕ್ಕೆ ಕೋಲಿನ ಗಾಲಿ. ಅಕ್ಕ ಹತ್ತಿ ಕೂತಳು. ಕೈ ಚಾಚಿದಲ್ಲಿ ಹ್ಯಾಂಡಲ್ ಸಿಕ್ಕಿತು. ಎರಡೂ ಕಾಲಿಗೆ ತಂತಮ್ಮ ಜಾಗ ಸಿಕ್ಕಿತು. ಮಾವ ಬೋಟಿನ ಸ್ವಿಚ್ಚು ತೋರಿಸಿದ: ಇತ್ತ ಒಂದು ಬ್ಯಾಟರಿ, ನಿಧಾನ, ಅತ್ತ ಎರಡು, ಜೋರು, ಈ ಹಿಡಿ ಎಳೆದರೆ ಹಿಂದಕ್ಕೆ. ನಾನು ಪಕ್ಕದಲ್ಲಿ ಪುಸ್ತಕ ಹಿಡಿದು, ಪರಿಹಾರವಾದ ಅಪಾಯಗಳಿಗೆ ಟಿಕ್ ಹಾಕುತ್ತ ನಿಂತಿದ್ದೆ. ಎಂದೂ ಇಲ್ಲದ ನೆಮ್ಮದಿಯಲ್ಲಿದ್ದೆ.

"ಎಲ್ಲ ಆತು," ಎಂದಳು ಅಕ್ಕ. "ಇದ್ನ ನಿಲ್ಸೂದು ಹ್ಯಾಂಗೆ?"

"ನಿಲ್ಸೂದು ಅಂದ್ರೆ?" ಎಂದ ಮಾವ.

"ಅಂದ್ರೆ, ಶಾಲೆ ಬಂತು. ನಾ ಇಳೀಬೇಕು."

"ಸ್ವಿಚ್ಚು ತೆಗೀ. ತನ್ನಷ್ಟಕ್ಕೇ ನಿಲ್ತದೆ."

"ಎಲ್ಲಿ ಹೋಗಿ ನಿಲ್ತದೆ? ಸಮುದ್ರದಲ್ಲಿ?"

"ಜೋರು ಇದ್ರೆ ಹಿಂದಕ್ಕೆ ಎಳೀರಿ ಅಕ್ಕೋರೇ," ಎಂದ ಆಚಾರಿ. "ಬೋಟು ಬಂದರದ ದಕ್ಕೆಗೆ ತಾಗ್ಸೂಕೆ ಹಾಂಗೇ ಅಲ್ವಾ ಮಾಡೂದು?"

ಹುಟ್ಟಿದಾಗಿನಿಂದ ನೀರಿನ ಮೇಲೆ ಓಡುವುದನ್ನೇ ಕಟ್ಟಿದ, ರಿಪೇರಿ ಮಾಡಿದ ಇಬ್ಬರು ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ದೋಣಿಗೆ ಬ್ರೇಕ್ ಇರುವುದಿಲ್ಲ. ಅವರ ತಪ್ಪೆನ್ನುವಂತಿಲ್ಲ. ಆದರೆ ನನಗೇನಾಗಿತ್ತು? ನಾನು ದಿನಾ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು, ಅವನು ಬ್ರೇಕ್ ಒತ್ತುವ ಮೊದಲೇ ನನ್ನ ಕಾಲಿನಿಂದ ನೆಲ ಒತ್ತುವವನು! ಭಟ್ಕಳದ ಸಾಹೇಬರು ಬಾಯಿಬಿಟ್ಟು ಹೇಳಿದ್ದರು. ಪುಟ ತಿರುವಿದೆ. ಎಮ್ಮೆ ಇತ್ತು, ಧನುರ್ವಾಯು ಇತ್ತು, ಸೈಲೆನ್ಸರ್ ಎರಡು ಸಲ ಇತ್ತು. ಬ್ರೇಕ್ ಇರಲಿಲ್ಲ. ಮೂವತ್ತು ವರ್ಷದಿಂದ ನಂಬಿ ಬಂದ ಒಂದೇ ವಿದ್ಯೆ ಬೇಕಾದ ದಿನ ಕೈಕೊಟ್ಟಿತ್ತು.

ಅಕ್ಕ ಗಾಡಿಯಿಂದ ಇಳಿದಳು. ಮೊಣಕಾಲು ಒತ್ತಿ ಹಿಡಿದು, ಮೆಟ್ಟಿಲು ಹತ್ತಿ ಒಳಗೆ ಹೋದಳು. ಕೋಣೆಯಲ್ಲಿ ಟ್ರಂಕಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು.

ಆ ಟ್ರಂಕಿನಲ್ಲಿ ಏನಿದೆಯೆಂದು ಮೂವರಿಗೂ ಗೊತ್ತಿತ್ತು. ಮಾವ ಕೈಯಲ್ಲಿದ್ದ ಸ್ಪ್ಯಾನರನ್ನು ಸದ್ದಾಗದಂತೆ ಕೆಳಗಿಟ್ಟ. ಹೋಗಿ ತಡೆಯಬೇಕು ಎನಿಸಿತು; ತಡೆದು ಏನು ಹೇಳಲಿ? ಮುಚ್ಚಳ ಮುಚ್ಚಿದ ಸದ್ದಾಯಿತು. ಒಂದು ಹೆಜ್ಜೆ, ಬಾಗಿದ ಇನ್ನೊಂದು ಹೆಜ್ಜೆ. ಅಕ್ಕ ಬಾಗಿಲಿಗೆ ಬಂದಳು. ಕೈಯಲ್ಲಿ ಕಾಗದ ಇರಲಿಲ್ಲ. ಕನ್ನಡಕ ಇತ್ತು.

ಮತ್ತೆ ಗಾಡಿ ಹತ್ತಿ ಕೂತು, ಕನ್ನಡಕ ಏರಿಸಿಕೊಂಡು, "ಆಚಾರ್ರೇ, ದಾರ ಕೊಡಿ," ಎಂದಳು.

"ನಾ ಹಾಕ್ತೆ ಅಕ್ಕೋರೇ, ಎಲ್ಲಿ ಹೇಳಿ..."

"ಬೇಡ. ನಿಮ್ಗೆ ಬಿಟ್ರೆ ಅಲ್ಲಿ ಒಂದು ಲಂಗರು ಕಟ್ತೀರಿ."

ಸುಟ್ಟ ತುದಿಯನ್ನು ಸೀಟಿನ ಅಂಚಿಗೆ ನನ್ನ ಕೈಯಲ್ಲಿ ಹಿಡಿಸಿ, ದಾರವನ್ನು ತನ್ನ ಎಡಗೈಯ ಬೆರಳ ತುದಿಯವರೆಗೆ ಎಳೆದು, ಒಂಬತ್ತನೆಯ ಗಂಟು ಹಾಕಿದಳು. "ಬ್ರೇಕು ಇಲ್ಲಿ. ಕೈಗೆ. ಕಾಲಿಗೆ ಬೇಡ. ತಮ್ಮಾ, ಪುಸ್ತಕದಲ್ಲಿ ನಲವತ್ತೆರಡು ಅಂತ ಬರ್ಕಾ. ಬರ್ದು ಟಿಕ್ ಹಾಕು."

ಬ್ರೇಕಿನ ಸಾಮಾನು ಕುಮಟೆಯಲ್ಲಿ ಸಿಕ್ಕಿತು. ಗಾಡಿ ಜೂನಿಗೆ ಮೊದಲೇ ಆಯಿತು. ನೋಡಲು ಅದು ಮೋಟಾರ್ ಸೈಕಲ್ಲೂ ಅಲ್ಲ, ದೋಣಿಯೂ ಅಲ್ಲ. ಸೈಕಲ್ಲಿನವರು ಗಂಟೆ ಬಾರಿಸಿ ದಾಟಿ ಹೋಗುವಷ್ಟು ಅದರ ವೇಗ. ಆದರೆ ಐದು ವರ್ಷ, ಅಕ್ಕನಿಗೆ ಮನೆಯ ಹತ್ತಿರದ ಶಾಲೆಗೆ ವರ್ಗವಾಗುವವರೆಗೆ, ಅದು ಹೋಗಿ ಬಂತು. ಆಮೇಲೆ ಡೈನಮೋ ಮಾವನ ಸಂಗಡ ಮತ್ತೆ ಯಾವುದೋ ಬೋಟು ಸೇರಿತು. ದಾರ ನನಗೆ ಉಳಿಯಿತು. ಆ ರಾಜೀನಾಮೆಯ ಕಾಗದವನ್ನು ನಾನು ನೋಡಿದ್ದು ಆಗಲೇ. ಮುಂಬದಿಯಲ್ಲಿ ತಾರೀಖಿನ ಜಾಗ ಖಾಲಿ. ಹಿಂಬದಿಯ ತುಂಬ ತಾರೀಖುಗಳೇ: ಬ್ಯಾಟರಿಗೆ ನೀರು ಹಾಕಿದ ದಿನಗಳನ್ನು ಅಕ್ಕ ಅದರ ಮೇಲೆ ಗುರುತು ಹಾಕಿಟ್ಟುಕೊಳ್ಳುತ್ತಿದ್ದಳು.

ಮೊದಲ ಓಟದ ದಿನದ ಮಾತು ಹೇಳದೆ ಮುಗಿಸಿದರೆ ಮಾವ ನನ್ನನ್ನು ಬಿಡುವುದಿಲ್ಲ. ಮೇ ಕೊನೆಯ ಒಂದು ಬೆಳಿಗ್ಗೆ, ಶಾಲೆಯ ದಾರಿ. ಮಾವನೂ ಆಚಾರಿಯೂ ಬೇಲಿಯ ಹತ್ತಿರ ನಿಂತರು. ಅಕ್ಕ ಸ್ವಿಚ್ಚು ಹಾಕಿದಳು. ಗಾಡಿ ಸದ್ದಿಲ್ಲದೆ ಹೊರಟಿತು. ನಾನು ಬಿದ್ದರೆ ಹಿಡಿಯಲೆಂದು ಹಿಂದೆಯೇ ಓಡಿದೆ. ಪಂಚೆ ಎತ್ತಿ ಕಟ್ಟಿ, "ಅಕ್ಕಾ ನಿಧಾನ, ಅಕ್ಕಾ ಹೊಂಡ, ಅಕ್ಕಾ ಎಮ್ಮೆ," ಎಂದು ಕೂಗುತ್ತ. ಅವಳು ಎರಡನೆಯ ಬ್ಯಾಟರಿಯನ್ನೂ ಹಾಕಿದಳು. ಅವಳ ಸೆರಗು ಹಾರುತ್ತಿತ್ತು, ಅವಳು ಬಾಗದೆ ನೆಟ್ಟಗೆ ಹೋಗುತ್ತಿದ್ದಳು. ದಾರಿಯಲ್ಲಿ ಅವಳನ್ನು ಹಾಗೆ ನೆಟ್ಟಗೆ ನಾನು ಎಂದೂ ನೋಡಿರಲಿಲ್ಲ. ಅದನ್ನು ನೋಡುತ್ತ ಓಡುವುದರಲ್ಲಿ, ಅವಳು ಎಡಗೈ ಬಿಗಿ ಹಿಡಿದದ್ದು ನನಗೆ ಕಾಣಲಿಲ್ಲ. ಬ್ರೇಕ್ ಹಿಡಿಯಿತು. ಗಾಡಿ ಅಲ್ಲೇ ಥಟ್ಟನೆ ನಿಂತಿತು. ನಾನು ಹೋಗಿ ಅದರ ಬೆನ್ನಿಗೆ ಬಡಿದು, ಬಲ ಮಂಡಿ ಕೆತ್ತಿಸಿಕೊಂಡು, ಮರಳಿನಲ್ಲಿ ಕೂತೆ.

ಅಕ್ಕ ತಿರುಗಿ ನೋಡಿದಳು.

"ಗಾಡಿ ನಿಂತ್ತಲ್ಲ ತಮ್ಮಾ," ಎಂದಳು. "ನೀ ಎಂತಕ್ಕೆ ನಿಲ್ಲಲಿಲ್ಲ?"